ನಡುನೀರಿನ ದರ

ಸಿಗ್ನಲ್ ಅಳೆಯುವ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು
ಬೆಲ್ಮೀರೊನ ದೋಣಿಯಲ್ಲಿ ಕೂತಿದ್ದೆ.
ಈಚೆ ಪೋರ್ಚುಗಲ್, ಆಚೆ ಸ್ಪೇನು,
ನಡುವೆ ಗುವಾಡಿಯಾನಾ, ಕಲಗಚ್ಚಿನ ಬಣ್ಣ,
ಯಾರ ಕಡತಕ್ಕೂ ಸಹಿ ಹಾಕದೆ
ಕಡಲಿನ ಕಡೆ ಹೊರಟಿತ್ತು.

ಹುಟ್ಟು ಮೂವತ್ತು ಸಲ ಬಿದ್ದಿರಬಹುದು,
ಜೇಬಿನಲ್ಲಿ ಫೋನು ಗುಂಯ್ ಎಂದಿತು:
ಸ್ಪೇನಿಗೆ ಸ್ವಾಗತ.
ಗಡಿಯಾರ ಒಂದು ಗಂಟೆ ಮುಂದಕ್ಕೆ ಜಿಗಿಯಿತು,
ಹನ್ನೆರಡಿದ್ದದ್ದು ಒಂದು.
ಸುಂಕದವನಿಲ್ಲ, ಮುದ್ರೆ ಒತ್ತುವವನಿಲ್ಲ.
ಇಷ್ಟಕ್ಕಾಗಿ ಮೂರು ಚಳಿಗಾಲ
ಬ್ರಸೆಲ್ಸಿನ ಕಿಟಕಿಯಿಲ್ಲದ ಕೋಣೆಯಲ್ಲಿ
ತಣ್ಣಗಾದ ಕಾಫಿ ಕುಡಿದವರಲ್ಲಿ ನಾನೂ ಒಬ್ಬ.

"ಇಲ್ಲೇ" ಎಂದಳು ಎರ್ಮೆಲಿಂಡ.
ಬೆಲ್ಮೀರೊ ಹಗ್ಗಕ್ಕೆ ಕಟ್ಟಿದ ಕಲ್ಲು ಇಳಿಬಿಟ್ಟ,
ದಿನವೂ ಮಾಡುವವನ ಹಾಗೆ.
ದಿನವೂ ಮಾಡುತ್ತಾನಂತೆ.

ಅವಳು ಫೋನು ಹಚ್ಚಿದಳು.
ಆಚೆ ದಡದ ಮಹಡಿಯಲ್ಲಿ, ಒಣಹಾಕಿದ ಚಾದರದ ಪಕ್ಕ,
ಒಂದು ಕೈ ಮೇಲೆದ್ದಿತು.
ತಂಗಿ ಕಸಿಲ್ದಾ. ಆಚೆಗೆ ಮದುವೆಯಾಗಿ ಹೋದವಳು.
ಅಪ್ಪನ ಹೊಲಿಗೆಯಂತ್ರ ಯಾರಿಗೆ ಎಂಬುದರ ಮೇಲೆ
ಹನ್ನೊಂದು ವರ್ಷದಿಂದ
ಇವಳು ಅವಳ ದಡ ತುಳಿದಿಲ್ಲ,
ಅವಳು ಇವಳದ್ದು.

ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರನ್ನು ಕಂಡಿದ್ದೆ.
ಹೊಳೆಯನ್ನೇ ದಾಟದ ಗಿರಾಕಿ ಇವಳೊಬ್ಬಳೇ.

"ಮನೆಯಿಂದ ಮಾಡಿದರೆ ಅದು ಪರದೇಶದ ಕರೆ,
ಇಲ್ಲಿಂದಾದರೆ ಊರೊಳಗಿನದು"
ಬೆಲ್ಮೀರೊ ಬೀಡಿಯಷ್ಟು ಸಣ್ಣಗೆ ಸಿಗರೇಟು ಸುತ್ತುತ್ತ ಹೇಳಿದ.
"ಹಾಗೆ ಬರೆದವರು ನಿಮ್ಮವರೇ ತಾನೇ?
ನನ್ನಜ್ಜ ಕಾಫಿಬೀಜ ಎಣ್ಣೆಬಟ್ಟೆಯಲ್ಲಿ ಸುತ್ತಿ
ಇದೇ ನೀರಲ್ಲಿ ಈಜುತ್ತಿದ್ದ, ರಾತ್ರಿ, ಕಾವಲುಗಾರರ ಕಣ್ಣು ತಪ್ಪಿಸಿ.
ನಾನು ಮಾತು ಸಾಗಿಸುತ್ತೇನೆ.
ಹಾಡಹಗಲು. ತಲೆಗೆ ಎಂಬತ್ತು ಸೆಂಟು."

ನಮ್ಮವರಲ್ಲ. ನಾನೇ.

ಪ್ರಯಾಣಿಕ ಎಂದರೆ ಯಾರು ಎಂದು
ನಾಲ್ಕು ಮಧ್ಯಾಹ್ನ ಜಗಳವಾಡಿದ್ದೆವು.
ಕಂಪನಿಗಳ ವಕೀಲರು, ಮಂತ್ರಾಲಯದವರು,
ಕುತ್ತಿಗೆಯಲ್ಲಿ ಕನ್ನಡಕ ತೂಗುಹಾಕಿಕೊಂಡ ಒಬ್ಬ ಅರ್ಥಶಾಸ್ತ್ರಿ.
ಗಡಿ ದಾಟಿದವನಿಗೆ ತವರಿನ ದರ, ಸರಿ.
ಮನೆಯಲ್ಲೇ ಕೂತು ಗಡಿಯಾಚೆ ಮಾತಾಡುವವನಿಗೆ?
ಅಂಥವರು ಯಾರೂ ಆ ಕೋಣೆಯಲ್ಲಿರಲಿಲ್ಲ.
ಅವರ ಪರವಾಗಿ ಒಂದೂವರೆ ಸಾಲು ಇತ್ತು,
ಐದನೆಯ ಕರಡಿನಲ್ಲಿ ನಾನೇ ಅದನ್ನು ಹೊಡೆದುಹಾಕಿದೆ.
ಊಟಕ್ಕೆ ಹೊತ್ತಾಗಿತ್ತು.

ದೋಣಿಯಲ್ಲಿ ಎರ್ಮೆಲಿಂಡ
ಬದನೆಕಾಯಿ ಬಗ್ಗೆ ಕೇಳಿದಳು, ಮಂಡಿನೋವಿನ ಬಗ್ಗೆ,
ಮೇಯರನ ಹೊಸ ವಿಗ್ಗಿನ ಬಗ್ಗೆ ಇಬ್ಬರೂ ನಕ್ಕರು,
ನಗು ಒಮ್ಮೆ ಫೋನಿನಲ್ಲೂ
ಅರೆಕ್ಷಣ ತಡವಾಗಿ ನೀರಿನ ಮೇಲೂ ಬಂತು.
ಹೊಲಿಗೆಯಂತ್ರದ ಸುದ್ದಿ ಬರಲಿಲ್ಲ.
ಆಮೇಲೆ ಮಾತೇ ಇರಲಿಲ್ಲ,
ಇಬ್ಬರೂ ಫೋನು ಕಿವಿಗಿಟ್ಟುಕೊಂಡೇ ಇದ್ದರು.
ಮುಳ್ಳು ಎರಡು ಗೋಪುರಗಳ ನಡುವೆ ತೂಗಾಡಿತು.
ಬರೆದುಕೊಳ್ಳಲು ಪೆನ್ನು ತೆಗೆದೆ,
ಯಾವ ಕಾಲಮ್ಮಿನಲ್ಲಿ ಎಂದು ತಿಳಿಯದೆ
ಮುಚ್ಚಿಟ್ಟೆ.

ದಡಕ್ಕೆ ತಿರುಗುವಾಗ, ತಪ್ಪು ಒಪ್ಪಿಕೊಳ್ಳುವವನಂತೆ ಹೇಳಿದೆ:
"ಮುಂದಿನ ತಿದ್ದುಪಡಿಯಲ್ಲಿ ಸರಿಮಾಡುತ್ತೇವೆ.
ನಿಮ್ಮ ಅಡುಗೆಮನೆಯಿಂದಲೇ ಇದೇ ದರಕ್ಕೆ
ಮಾತಾಡಬಹುದು."

ಬೆಲ್ಮೀರೊನ ಹುಟ್ಟು ಒಂದು ಸಲ ತಪ್ಪಿತು.

ಎರ್ಮೆಲಿಂಡ ನನ್ನನ್ನು ನೋಡಿದಳು,
ಚಿಲ್ಲರೆ ತಪ್ಪಾಗಿ ಕೊಟ್ಟ ಅಂಗಡಿ ಹುಡುಗನನ್ನು ನೋಡುವ ಹಾಗೆ.
"ನನ್ನ ಅಡುಗೆಮನೆಯ ಕಿಟಕಿ
ಆ ಕಡೆಗಿಲ್ಲ" ಎಂದಳು.

ಜೇಬಿನಲ್ಲಿ ಮತ್ತೆ ಗುಂಯ್.
ಪೋರ್ಚುಗಲ್‌ಗೆ ಸ್ವಾಗತ.
ಹೋದ ಗಂಟೆ ಹಾಗೆಯೇ ಮರಳಿ ಬಂದಿತ್ತು,
ಊಟಕ್ಕೆ ಇನ್ನೂ ಹೊತ್ತಿತ್ತು.